ಬಾಳೆಹಣ್ಣು, ಅರ್ತ್ ವೈರು, ಆಯಮ್ಮ

ಸಿಎಸ್‌ಆರ್‌ನವ್ರು (ಕಂಪನಿ ದುಡ್ಡಲ್ಲಿ ನಮ್ಮ ಸ್ಕೂಲಿಗೆ ಸಹಾಯ ಮಾಡೋರು) ಕೊಟ್ಟ ಮೇಕಿ ಮೇಕಿ ಕಿಟ್ಟು, ಅಂದ್ರೆ ಹಣ್ಣುಗಿಣ್ಣನ್ನೂ ಕಂಪ್ಯೂಟರ್ ಕೀ ಥರ ಮಾಡೋ ಬೋರ್ಡು, ಬೀರುವಿಂದ ಆಚೆ ಬರೋದೇ ಅವ್ರು ನೋಡೋಕೆ ಬಂದ ದಿನ, ಬೀಗದ ಕೈ ಆಫೀಸಲ್ಲಿ. ನಾಲ್ಕು ಬಾಳೆಹಣ್ಣಿಗೆ ನಾಲ್ಕು ಕ್ಲಿಪ್ಪು ಹಾಕಿ, ಸ್ಕ್ರ್ಯಾಚ್ ಅನ್ನೋ ಮಕ್ಕಳ ಕೋಡಿಂಗ್ ಪ್ರೋಗ್ರಾಮಲ್ಲಿ ನಾಲ್ಕು ಆರೋ ಕೀಗೆ ಸ-ರಿ-ಗ-ಪ ಕೂರಿಸಿ, ಹಿಂದಿನ ದಿನ ನಾನೇ ನುಡಿಸಿ ನೋಡಿದ್ದೆ, ಸೂಪರಾಗಿತ್ತು.

ಹುಡುಗಂಗೆ ಏಳು ವರ್ಷ, ಆಟಿಸಂ, ಮಾತಿಲ್ಲ, ಬಾಳೆಹಣ್ಣು ಅಂದ್ರೆ ಪ್ರಾಣ. ಹಣ್ಣು ಹಿಡ್ಕೊಂಡ, ಸದ್ದಿಲ್ಲ. ಇನ್ನೊಂದು ಕೈಲಿ ಅರ್ತ್ ಕ್ಲಿಪ್ಪು ಇರ್ಬೇಕಲ್ಲ, ಆಗ್ಲೇ ಮೈ ಮೂಲಕ ಸರ್ಕ್ಯೂಟು ಸೇರಿ ಲ್ಯಾಪ್‌ಟಾಪಿಗೆ ಯಾರೋ ಕೀ ಒತ್ತಿದ ಹಾಗೆ ಕಾಣೋದು. ಇವನು ತಣ್ಣಗಿರೋ ಸ್ಟೀಲ್ ಚಮಚಾನೂ ಮುಟ್ಟಲ್ಲ, ಫೈಲಲ್ಲಿ ಹಾಗಂತ ಬರೆದವಳೂ ನಾನೇ. ಆದ್ರೂ ಹ್ಯಾಂಡ್ ಓವರ್ ಹ್ಯಾಂಡ್ ಅಂತ, ಅವನ ಕೈ ಮೇಲೆ ನನ್ನ ಕೈ ಇಟ್ಟು, ಮುಷ್ಟಿ ಬಿಡಿಸಿ ಕ್ಲಿಪ್ಪು ತುರುಕಿದೆ. ಎಸೆದ. ಮತ್ತೆ ತುರುಕಿದೆ. ಮೂರನೇ ಸಲ ತನ್ನ ಕೈ ತಾನೇ ಕಚ್ಕೊಂಡ. ಹಿಂದ್ಗಡೆ ಆರು ಜನ ಫೋನ್ ಎತ್ಕೊಂಡು ನಿಂತಿದ್ರು, ಹೆಡ್ ಮೇಡಂ ನಗ್ತಾನೇ ನನ್ನ ನೋಡ್ತಿದ್ರು, ಆ ನಗು ಸ್ಟಾಫಿಗೆಲ್ಲಾ ಚೆನ್ನಾಗಿ ಗೊತ್ತು.

ಟೀ ಬಂತು ಅಂತ ಎಲ್ರೂ ಎದ್ದು ಹೋದ್ರು. ಬಿದ್ದಿದ್ದ ವೈರು ಯಾರಾದ್ರೂ ತುಳೀತಾರೆ ಅಂತ ಆಯಮ್ಮ ಕ್ಲಿಪ್ಪು ಹಿಡಿದು ಎತ್ಕೊಂಡ್ರು, ಇನ್ನೊಂದು ಕೈಲಿ ಅಳ್ತಿದ್ದವನ ಮೂಗು ಒರೆಸಿದ್ರು. ಅವನು ಹಣ್ಣು ಬಿಟ್ಟಿರ್ಲಿಲ್ಲ.

ಸ್ಪೀಕರಿಂದ 'ಗ' ಬಂತು.

ಅಳು ನಿಂತೇಹೋಯ್ತು. ಆಯಮ್ಮ ಕೈ ತೆಗೆದ್ರು. ಅವನೇ ಆ ಕೈ ಎಳೆದು ಕೆನ್ನೆಗೆ ಒತ್ಕೊಂಡ. ಗ. ತಳ್ಳಿದ, ಮತ್ತೆ ಎಳ್ಕೊಂಡ. ಗ.

"ಶಾಕ್ ಹೊಡಿಯಲ್ವಾ ಮಿಸ್ಸು?"

"ಇಲ್ಲ ಆಯಮ್ಮ, ಬಿಡ್ಬೇಡಿ ವೈರ್ನ!"

ತಾನಾಗೇ ಇನ್ನೊಬ್ರನ್ನ ಕೇಳ್ಬೇಕು ಅನ್ನೋ ಗೋಲು ಐಇಪಿಲಿ (ಅವನಿಗೇ ಅಂತ ಮಾಡಿದ ಕಲಿಕೆಯ ಪ್ಲಾನಲ್ಲಿ) ಎರಡು ಟರ್ಮಿಂದ ಹಾಗೇ ಕಾಪಿ ಆಗ್ತಿತ್ತು. ಅವತ್ತು ಹತ್ತೊಂಬತ್ತು ಸಲ ಎಣಿಸಿದೆ, ಆಮೇಲೆ ಲೆಕ್ಕ ತಪ್ಪೋಯ್ತು.

ಅರ್ತ್ ಬೇರೆಯವ್ರು ಹಿಡಿದು ಮಗೂನ ಮುಟ್ಟಿದ್ರೂ ಆಗುತ್ತೆ ಅಂತ ನಂಗೆ ಗೊತ್ತಿಲ್ದೇ ಇರ್ಲಿಲ್ಲ, ಟ್ರೈನಿಂಗಲ್ಲಿ ನಾವೇ ಕೈಕೈ ಹಿಡ್ಕೊಂಡು ಸಾಲಾಗಿ ನಿಂತು ಆಡಿದ್ವಿ. ಫೋನ್‌ಗಳ ಮುಂದೆ ಮಗು ಒಬ್ಬನೇ ನುಡಿಸ್ಬೇಕು ಅನ್ನೋ ಚಪಲ ನಂದು.

ರಿಪೋರ್ಟಲ್ಲಿ 'ಮಗು ಸಹಕರಿಸಲಿಲ್ಲ' ಅಂತ ಹೋಗಿದೆ. ತಿದ್ದಿ ಅಂದ್ರೆ, ಕಳ್ಸಾಯ್ತು ಅಂದ್ರು. ಈಗ ಕ್ಲಿಪ್ಪು ಆಯಮ್ಮನ ತಾಮ್ರದ ಕಡಗಕ್ಕೆ ಹಾಕ್ತೀವಿ, ಬಾಳೆಹಣ್ಣು ಐದು ತರ್ತೀನಿ, ಒಂದು ಹೇಗಿದ್ರೂ ಹೋಗುತ್ತೆ. ಆ ಬಿಲ್ಲು ಮಾತ್ರ ಅಕೌಂಟ್ಸಲ್ಲೇ ಕೂತಿದೆ, ಟೀಚಿಂಗ್ ಮೆಟೀರಿಯಲ್ ಅಂದ್ಮೇಲೆ ತಿಂದಿದ್ದು ಯಾರು ಅಂತ ಕೇಳ್ತಿದ್ದಾರೆ.