ಎರಡು ಜೋಡಿ ಸ್ಪೀಕರ್, ಒಂದು ಪುಟ್ಟ ಕೋಣೆ

ನನ್ನ ಕೋಣೆ ಹತ್ತು ಅಡಿಗೆ ಹನ್ನೆರಡು ಅಡಿ. ಒಂದು ಗೋಡೆಯ ತುಂಬ ಪುಸ್ತಕ, ಇನ್ನೊಂದು ಕಡೆ ಅಮ್ಮನ ಹಳೆಯ ಬೀರು. ಇದರೊಳಗೆ ಆಳೆತ್ತರದ ಸ್ಪೀಕರ್ ತಂದರೆ ನಾನು ಹೊರಗೆ ಕೂರಬೇಕಾಗುತ್ತದೆ. ಹಾಗಾಗಿ ಗೆಳೆಯನ ಕೆಇಎಫ್ ಎಲ್‌ಎಸ್50 ಮೆಟಾ ಜೋಡಿಯನ್ನು ಎರವಲು ತಂದು, ನನ್ನ ಹಾರ್ಬೆತ್ ಪಿ3ಇಎಸ್‌ಆರ್ ಪಕ್ಕದಲ್ಲಿಟ್ಟು ಹದಿನೈದು ದಿನ ಕೇಳಿದೆ.

ಎರಡೂ ಇಂಗ್ಲೆಂಡಿನಲ್ಲಿ ಹುಟ್ಟಿದ ಸಂಸ್ಥೆಗಳು. ಕಟ್ಟಿದವರಿಬ್ಬರೂ ಬಿಬಿಸಿಯಲ್ಲಿ ದುಡಿದ ಎಂಜಿನಿಯರುಗಳು. ಸ್ವಭಾವ ಮಾತ್ರ ಬೇರೆ. ಕೆಇಎಫ್‌ನಲ್ಲಿ ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರ್, ಕೆಳಗಿನ ಸ್ವರಗಳನ್ನು ನುಡಿಸುವ ವೂಫರಿನ ನಟ್ಟನಡುವೆ ಕೂತಿದೆ. ಮೃದಂಗ ಎಲ್ಲಿ, ಪಿಟೀಲು ಎಲ್ಲಿ ಎಂದು ಬೆರಳಿಟ್ಟು ತೋರಿಸಬಹುದು. ಆದರೆ ಪೆಟ್ಟಿಗೆಯ ಬೆನ್ನಿಗೆ, ಕೆಳಗಿನ ನಾದ ಹೊರಬರುವ ಒಂದು ರಂಧ್ರವಿದೆ. ಗೋಡೆಗೆ ಗೇಣು ದೂರದಲ್ಲಿಟ್ಟಾಗ ಮೃದಂಗದ ಎಡಗಡೆಯ ನಾದ ಗುಮ್ಮೆಂದು ಊದಿಕೊಂಡಿತು. ಎರಡು ಅಡಿ ಮುಂದಕ್ಕೆಳೆದ ಮೇಲೆ ಹದಕ್ಕೆ ಬಂತು. ಅಷ್ಟು ಮುಂದೆ ತಂದರೆ ಬೀರುವಿನ ಬಾಗಿಲು ತೆರೆಯುವುದಿಲ್ಲ!

ಹಾರ್ಬೆತ್ ಮುಚ್ಚಿದ ಪೆಟ್ಟಿಗೆ, ಗೋಡೆಯ ಬಳಿಯೂ ಅಷ್ಟಾಗಿ ತಂಟೆ ಮಾಡುವುದಿಲ್ಲ. ಸಂವೇದನೆ, ಅಂದರೆ ಕೊಟ್ಟಷ್ಟು ವಿದ್ಯುತ್ತಿಗೆ ಹೊರಡಿಸುವ ಸದ್ದು, 83.5 ಡೆಸಿಬೆಲ್ ಮಾತ್ರ, ಆದ್ದರಿಂದ ಆಂಪ್ಲಿಫೈಯರಿನ ಗುಂಡಿಯನ್ನು ಇನ್ನಷ್ಟು ತಿರುಗಿಸಬೇಕು. ಕೆಳಗಿನ ಸ್ಥಾಯಿಯ ಗಡುಸು ನಾದ ಅಷ್ಟಕ್ಕಷ್ಟೇ. ಆದರೆ ಮಲ್ಲಿಕಾರ್ಜುನ ಮನ್ಸೂರರ ದನಿ! ಸ್ವರ ಹಿಡಿಯುವ ಮೊದಲಿನ ಆ ಸಣ್ಣ ಉಸಿರು, ಹಿಂದೆ ತಂಬೂರಿಯ ಝೇಂಕಾರ, ಮಾತನಾಡದೆ ಕೂತುಬಿಟ್ಟೆ. ಒಲೆಯ ಮೇಲಿದ್ದ ಹಾಲು ಉಕ್ಕಿದ್ದು ವಾಸನೆಯಿಂದ ಗೊತ್ತಾಯಿತು.

ಭಾನುವಾರ ಕೆಇಎಫ್ ಹಿಂತಿರುಗಿಸಿದೆ. ಗೆಳೆಯನದು ಇಪ್ಪತ್ತು ಅಡಿಯ ಹಜಾರ, ಅಲ್ಲಿ ಅದೇ ಸರಿ. ಅವನಿಗೆ ಹಾಗೆಂದು ಹೇಳಲಿಲ್ಲ, ಹೇಳಿದ್ದರೆ ಊಟ ಮುಗಿಯುವವರೆಗೂ ಬಿಡುತ್ತಿರಲಿಲ್ಲ.