ಹಲಗೆ ಬೇಲಿಯ ಕಂಬ ಕೊಳೆಯುವುದೆಲ್ಲಿ?

ಮಲೆನಾಡಿನಲ್ಲಿ ಹಿತ್ತಲಿಗೆ ಮರೆಗೆಂದು ಬೇಲಿ ಹಾಕಿಸುವವರು ಹಲಗೆಯ ಚೆಂದಕ್ಕೇ ತಲೆ ಕೆಡಿಸಿಕೊಳ್ಳುತ್ತಾರೆ. ಮೊದಲು ಕೆಡುವುದು ಕಂಬ. ಅದೂ ನೆಲಮಟ್ಟದಲ್ಲಿ, ನೀರು-ಗಾಳಿ ಎರಡೂ ತಾಗುವ ನಾಲ್ಕು ಬೆರಳಗಲದ ಜಾಗದಲ್ಲಿ.

42 ಅಡಿ ಉದ್ದಕ್ಕೆ 6 ಅಡಿಗೊಂದರಂತೆ 8 ಕಂಬ. ಚೇಗು (ಒಳಗಿನ ಗಟ್ಟಿ ತಿರುಳು) ಬಲಿತ ಅಕೇಶಿಯಾ ಸಾಕು. 8 ಅಡಿ ಕಂಬಕ್ಕೆ ಎರಡೂವರೆ ಅಡಿ ಗುಂಡಿ, ತಳಕ್ಕೆ ಅರ್ಧ ಅಡಿ ಜಲ್ಲಿ. ಕಂಬದ ಬುಡ ಜಲ್ಲಿಯ ಮೇಲೇ ಕೂರಬೇಕು. ಕಾಂಕ್ರೀಟ್ ಸುತ್ತಲೂ ಮಾತ್ರ, ಬುಡದ ಕೆಳಗೂ ಸುರಿದರೆ ಬಟ್ಟಲಿನಂತೆ ನೀರು ಹಿಡಿಯುತ್ತದೆ. ಕಾಂಕ್ರೀಟಿನ ಮೇಲ್ತುದಿ ನೆಲಕ್ಕಿಂತ 1 ಇಂಚು ಎತ್ತರವಿದ್ದು ಹೊರಕ್ಕೆ ಇಳಿಜಾರಾಗಿರಲಿ. ಹೂಳುವ ಭಾಗಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಎರಡು ಕೈ ಬಳಿಯಿರಿ. ಬರಿಗೈಯಲ್ಲಿ ಮುಟ್ಟಿದರೆ ಬೊಬ್ಬೆ ಗ್ಯಾರಂಟಿ.

ಅಂಕಣಕ್ಕೆ (ಎರಡು ಕಂಬಗಳ ನಡುವಿನ ಜಾಗಕ್ಕೆ) 3ರಂತೆ 21 ಅಡ್ಡಪಟ್ಟಿ. ಹಸಿ ಹಲಗೆ ಒಣಗಿದಾಗ ಕುಗ್ಗಿ ಸಂದು ಬಿಡುತ್ತದೆ, ಮರೆಯೇ ಹೋಯಿತು! ಹಾಗಾಗಿ 6 ಇಂಚು ಅಗಲದ ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿ, ಒಂದರ ಅಂಚಿನ ಮೇಲೆ ಇನ್ನೊಂದನ್ನು 1 ಇಂಚು ಹತ್ತಿಸಿ. 101 ಹಲಗೆ ಬೇಕಾಗುತ್ತದೆ. ನೆಲಕ್ಕೂ ಹಲಗೆಗೂ 2 ಇಂಚು ಬಿಡಿ, ಗೆದ್ದಲು ಹತ್ತಿದರೆ ಕಣ್ಣಿಗೆ ಬೀಳಲಿ. ಅಕೇಶಿಯಾ ಬಿರುಸು, ಡ್ರಿಲ್ ಮಾಡದೆ ಸ್ಕ್ರೂ ತಿರುಗಿಸಿದರೆ ತುದಿ ಸೀಳುತ್ತದೆ.