ಅಂಗಡಿಯಲ್ಲಿ ಮಿಂಚಿದ ಮಾನಿಟರ್, ಶೀಟಿನಲ್ಲಿ ಮಂಕಾದ ಸೀರೆ

ದಾವಣಗೆರೆಯ ನಮ್ಮ ಸ್ಟುಡಿಯೋದ ಆಲ್ಬಂ ಟೇಬಲ್ಲಿಗೆ ಹೊಸ ಮಾನಿಟರ್ ತರುವಾಗ, ಅದರ ಮುಂದೆ ದಿನವಿಡೀ ಕೂರುವವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮಾಲೀಕರು ಅಂಗಡಿಗೆ ಹೋಗಿ, ಸಾಲಾಗಿ ಉರಿಯುತ್ತಿದ್ದ ಪರದೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿದ್ದ 27 ಇಂಚಿನ ಬಾಗಿದ ಗೇಮಿಂಗ್ ಮಾನಿಟರನ್ನು ಆರಿಸಿ ತಂದರು. ಡಬ್ಬಿಯ ಮೇಲೆ 165 ಹರ್ಟ್ಸ್ (ಪರದೆ ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಿಸುತ್ತದೆ) ಎಂದು ದಪ್ಪಕ್ಷರದಲ್ಲಿತ್ತು. ವಿಎ ಪ್ಯಾನೆಲ್, ಅಂದರೆ ಓರೆಯಿಂದ ನೋಡಿದರೆ ಬಣ್ಣ ಬದಲಾಗುವ ಬಗೆಯ ಪರದೆ, ಎಂಬುದು ಹಿಂಬದಿಯ ಸಣ್ಣಕ್ಷರದಲ್ಲಿತ್ತು. ಫೋಟೋ ತಿದ್ದುವವರು ಮೊದಲು ಓದಬೇಕಾದದ್ದು ಆ ಸಣ್ಣಕ್ಷರವನ್ನು.

ಮದುವೆ ಸೀಸನ್ನಿನ ಒತ್ತಡದಲ್ಲಿ ಕೆಲಸ ನಿಲ್ಲಲಿಲ್ಲ. ಆ ಮಾನಿಟರಿನಲ್ಲಿ ಕರೆಕ್ಷನ್ ಆದ ಮೊದಲ ಆಲ್ಬಂ ಪ್ರಿಂಟಿಂಗ್ ಲ್ಯಾಬಿನಿಂದ ಬಂದಾಗ, ಮದುಮಗಳ ತಾಯಿ ಕೌಂಟರಿನಲ್ಲಿ ನಿಂತೇ 12×36 ಇಂಚಿನ ಶೀಟುಗಳನ್ನು ಒಂದೊಂದಾಗಿ ತಿರುವಿದರು. ಧಾರೆಯ ಪುಟಕ್ಕೆ ಬಂದಾಗ ಅವರ ಕೈ ನಿಂತಿತು. ಏನೂ ಹೇಳದೆ ಮಗನನ್ನು ಮನೆಗೆ ಕಳಿಸಿದರು. ಅವನು ತಂದ ಬಟ್ಟೆಯ ಚೀಲದಿಂದ ಧಾರೆಯ ಸೀರೆಯನ್ನು ತೆಗೆದು, ಅದರ ಸೆರಗನ್ನು ಪುಟದ ಪಕ್ಕಕ್ಕೆ ಹರಡಿ, "ನೋಡಪ್ಪ, ಇದು ನಮ್ ಸೀರೆ ಬಣ್ಣಾನಾ? ಮೊಳಕಾಲ್ಮೂರಿಗೇ ಹೋಗಿ ನೇಕಾರರ ಹತ್ರ ತಂದಿದ್ದು" ಎಂದರು. ಸೀರೆಯ ಒಡಲು ತುಂಬುಗೆಂಪು. ಶೀಟಿನಲ್ಲಿದ್ದದ್ದು ಹಳೆಯ ಇಟ್ಟಿಗೆಯ ಬಣ್ಣ. ಅಂಚಿನ ಜರಿ ಸತ್ತುಹೋಗಿತ್ತು, ಮುಖಗಳ ಮೇಲೆ ಕಪ್ಪು ಕವಿದಿತ್ತು.

ಮಾಲೀಕರು ಲ್ಯಾಬಿಗೆ ಸ್ಪೀಕರಿನಲ್ಲಿ ಫೋನ್ ಹಚ್ಚಿದರು. "ನೀವು ಕಳಿಸಿದ ಫೈಲೇ ಹಂಗಿದೆ ಸರ್, ನಾವು ಕರೆಕ್ಷನ್ ಹಾಕಿಲ್ಲ" ಎಂಬ ಉತ್ತರ ಎಲ್ಲರಿಗೂ ಕೇಳಿಸಿತು. ಫೈಲು ಸರಿಯಿದೆ ಎಂದು ತೋರಿಸಲು ಅವರು ಮಾನಿಟರನ್ನು ಕೌಂಟರಿನ ಕಡೆಗೆ ತಿರುಗಿಸಿದರು. ನನ್ನ ಕುರ್ಚಿಯಿಂದ ನೋಡಿದರೆ ಪರದೆಯ ಸೀರೆಗೂ ಕೈಯಲ್ಲಿದ್ದ ಸೀರೆಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಆದರೆ ಆ ತಾಯಿ ನಿಂತಿದ್ದ ಓರೆಯಿಂದ ನೋಡಿದರೆ ಮದುಮಗಳ ಕಪ್ಪು ಜಡೆಯೂ ಬೂದುಬಣ್ಣಕ್ಕೆ ತಿರುಗಿತ್ತು. ಒಂದೇ ಸೀರೆ ಕೈಯಲ್ಲಿ ಒಂದು ಬಣ್ಣ, ಶೀಟಿನಲ್ಲಿ ಒಂದು, ಪರದೆಯಲ್ಲಿ ಒಂದು. ಮಗಳ ಮದುವೆಯ ಆಲ್ಬಂ ಹಿಡಿದು ನಿಂತ ಆ ತಾಯಿಗೆ ಕೊಡಲು ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಆಲ್ಬಂ ಸ್ಟುಡಿಯೋದ ಖರ್ಚಿನಲ್ಲೇ ಮತ್ತೆ ಅಚ್ಚಾಯಿತು.

ಕಾರಣ ಲ್ಯಾಬಿನಲ್ಲಿರಲಿಲ್ಲ. ಲ್ಯಾಬು ಕೇಳುವುದು ಸಾಧಾರಣ ಪರದೆಗಳ ಪ್ರಮಾಣಿತ ಬಣ್ಣದ ವ್ಯಾಪ್ತಿಯ, ಅಂದರೆ ಎಸ್‌ಆರ್‌ಜಿಬಿ ಫೈಲು. ನಮ್ಮ ಮಾನಿಟರು ಅದಕ್ಕಿಂತ ಅಗಲವಾದ ಬಣ್ಣದ ವ್ಯಾಪ್ತಿಯದು. ಅದಕ್ಕೆ ತಕ್ಕ ಪ್ರೊಫೈಲನ್ನು (ಪರದೆ ಬಣ್ಣ ತೋರಿಸುವ ಬಗೆಯನ್ನು ಕಂಪ್ಯೂಟರಿಗೆ ತಿಳಿಸುವ ಫೈಲು) ಯಾರೂ ಹಾಕಿರಲಿಲ್ಲವಾದ್ದರಿಂದ ಫೋಟೋಶಾಪ್ ಅದನ್ನು ಸಾಧಾರಣ ಪರದೆಯೆಂದೇ ಎಣಿಸಿತು, ಕೆಂಪು ಬಣ್ಣವೆಲ್ಲ ಇರುವುದಕ್ಕಿಂತ ಗಾಢವಾಗಿ ಕಾಣಿಸಿತು, ಕಣ್ಣಿಗೆ ಚುಚ್ಚುತ್ತಿದ್ದ ಆ ಕೆಂಪನ್ನು ಹದಕ್ಕೆ ತರಲು ಸ್ಯಾಚುರೇಶನ್ (ಬಣ್ಣದ ಗಾಢತೆ) ಇಳಿಯಿತು. ಬೆಳಕಿನ ಕಥೆಯೂ ಅದೇ. ಕಂಪನಿಯಿಂದ ಬಂದ ಸ್ಥಿತಿಯಲ್ಲಿ ಇಂಥ ಮಾನಿಟರುಗಳು ಚದರ ಮೀಟರಿಗೆ 250ರಿಂದ 350 ಕ್ಯಾಂಡೆಲಾದಷ್ಟು ಉರಿಯುತ್ತವೆ. ಪ್ರಿಂಟಿನ ಕೆಲಸಕ್ಕೆ ಬೇಕಾದದ್ದು 80ರಿಂದ 120 ಮಾತ್ರ. ಪರದೆ ಉರಿದಷ್ಟೂ ತಿದ್ದುವವರ ಕೈಯಲ್ಲಿ ಕರ್ವ್ಸ್ (ಫೋಟೋದ ಬೆಳಕು ಹೊಂದಿಸುವ ಟೂಲ್) ಕೆಳಗಿಳಿಯುತ್ತದೆ, ಶೀಟು ಕಪ್ಪಾಗಿ ಬರುತ್ತದೆ.

ಎರಡನೆಯ ಸಲ ಮಾನಿಟರ್ ತರುವಾಗ ನಾವೇ ಪಟ್ಟಿ ಬರೆದುಕೊಟ್ಟೆವು: ಚಪ್ಪಟೆ ಐಪಿಎಸ್ ಪ್ಯಾನೆಲ್ (ಓರೆಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಬಗೆ), 27 ಇಂಚು, 2560×1440 ಪಿಕ್ಸೆಲ್, ಎಸ್‌ಆರ್‌ಜಿಬಿ ಪೂರ್ತಿ 100 ಪ್ರತಿಶತ, ಜೊತೆಗೆ ಪರದೆಯ ಬಣ್ಣ ಅಳೆಯುವ ಒಂದು ಕಲರಿಮೀಟರ್. ಕೊನೆಯದಕ್ಕೆ ಮಾಲೀಕರು ಬಹಳ ಚೌಕಾಶಿ ಮಾಡಿದರು. ನನ್ನ ಅಭಿಪ್ರಾಯದಲ್ಲಿ, ಹಣ ಸಾಲದಿದ್ದರೆ ಮಾನಿಟರಿನಲ್ಲಿ ಒಂದು ಮೆಟ್ಟಿಲು ಇಳಿಯಬಹುದು, ಅಳೆಯುವ ಉಪಕರಣವನ್ನು ಬಿಡಬಾರದು. ಬಿಳಿಯ ಛಾಯೆ 6500 ಕೆಲ್ವಿನ್, ನಡುಛಾಯೆಗಳ ಹದವಾದ ಗಾಮಾ 2.2, ಬೆಳಕು 100 ಕ್ಯಾಂಡೆಲಾ ಎಂದು ನಿಗದಿ ಮಾಡಿ ತಿಂಗಳಿಗೊಮ್ಮೆ ಅಳೆಯುತ್ತೇವೆ, ಏಕೆಂದರೆ ಬ್ಯಾಕ್‌ಲೈಟ್ ಬಳಸುತ್ತ ಬಳಸುತ್ತ ಬದಲಾಗುತ್ತದೆ. ಮೆನುವಿನಲ್ಲಿ ಎಸ್‌ಆರ್‌ಜಿಬಿ ಮೋಡ್ ಇದೆಯೆಂದು ಮಾರುವವರು ಹೇಳಿದರೆ, ಅದನ್ನು ಹಾಕಿದಾಗ ಬ್ರೈಟ್‌ನೆಸ್ ಬದಲಿಸಲು ಬರುತ್ತದೆಯೇ ಎಂದು ಅಲ್ಲಿಯೇ ಒತ್ತಿ ನೋಡಬೇಕು. ಹಲವು ಮಾನಿಟರುಗಳಲ್ಲಿ ಆಗ ಬ್ರೈಟ್‌ನೆಸ್‌ಗೆ ಬೀಗ ಬೀಳುತ್ತದೆ.

ಆಮಂತ್ರಣದ ಆನಿಮೇಷನ್ ಮಾಡುವ ನನ್ನ ಸಹೋದ್ಯೋಗಿಯ ಅಗತ್ಯ ಬೇರೆ. ನಮ್ಮ ವಿಡಿಯೋಗಳು ಸೆಕೆಂಡಿಗೆ 25 ಫ್ರೇಮಿನವು. 60 ಹರ್ಟ್ಸ್ ಅದಕ್ಕೆ ಸಮನಾಗಿ ಭಾಗವಾಗುವುದಿಲ್ಲವಾದ್ದರಿಂದ ನಿಧಾನದ ಪ್ಯಾನಿನಲ್ಲಿ (ದೃಶ್ಯ ಪಕ್ಕಕ್ಕೆ ಸರಿಯುವಾಗ) ಸಣ್ಣ ಕುಲುಕಾಟ ಕಾಣುತ್ತದೆ, 50 ಅಥವಾ 75ಕ್ಕೆ ಇಟ್ಟರೆ ಹೋಗುತ್ತದೆ. ಅವರಿಗೆ ನಿಜವಾಗಿ ಬೇಕಿದ್ದದ್ದು 165ರ ವೇಗವಲ್ಲ, ಟೈಮ್‌ಲೈನೂ ಗ್ರಾಫ್ ಎಡಿಟರೂ ಒಟ್ಟಿಗೆ ಹಿಡಿಸುವ ಜಾಗ ಮತ್ತು ಆಕಾಶದಂಥ, ಬಣ್ಣ ಮೆಲ್ಲಗೆ ಬದಲಾಗುವ ಗ್ರೇಡಿಯಂಟಿನಲ್ಲಿ ಪಟ್ಟೆ ಬೀಳದ ಪ್ಯಾನೆಲ್. 8 ಬಿಟ್ಟಿನ ಪ್ಯಾನೆಲ್ಲಿನಲ್ಲಿ 1.67 ಕೋಟಿ ಬಣ್ಣ, 10 ಬಿಟ್ಟಿನದರಲ್ಲಿ 107 ಕೋಟಿ; ಬಣ್ಣ ಹೆಚ್ಚಿದಷ್ಟೂ ಪಟ್ಟೆ ಕಡಿಮೆ. ಪ್ರತಿ ಚುಕ್ಕೆಯೂ ತಾನೇ ಬೆಳಗುವ, ಅವರು ಆಸೆಪಟ್ಟಿದ್ದ ಓಎಲ್‌ಇಡಿಯನ್ನು ನಾನೇ ಬೇಡವೆಂದೆ: ದಿನವಿಡೀ ಅಲ್ಲಾಡದೆ ನಿಲ್ಲುವ ಟೂಲ್‌ಬಾರಿನ ಅಚ್ಚು ಆ ಪರದೆಯಲ್ಲಿ ಉಳಿದುಬಿಡುವ ಅಪಾಯವಿದೆ.

ಇನ್ನೊಂದು ಕೋರಿಕೆ ಬಾಕಿಯಿದೆ. ನಮ್ಮ ಕೋಣೆಯ ಕಿಟಕಿ ಪಶ್ಚಿಮಕ್ಕಿದ್ದು, ಸಂಜೆಯ ಬಿಸಿಲು ನೇರವಾಗಿ ಮಾನಿಟರಿನ ಮೇಲೆ ಬೀಳುತ್ತದೆ. ಎಷ್ಟು ನಿಖರವಾಗಿ ಅಳೆದರೂ ಆ ಹೊತ್ತಿನಲ್ಲಿ ಬಣ್ಣವನ್ನು ನಂಬಲಾಗುವುದಿಲ್ಲ. ದಪ್ಪ ಕರ್ಟನ್ ಹಾಕಿಸಿಕೊಡುವವರೆಗೆ ನಾಲ್ಕು ಗಂಟೆಯ ನಂತರ ಲೇಔಟ್ ಮಾತ್ರ ಮಾಡುತ್ತೇವೆ, ಸ್ಕಿನ್ ಟೋನ್ ಮುಟ್ಟುವುದಿಲ್ಲ ಎಂದು ಮಾಲೀಕರಿಗೆ ಹೇಳಿದ್ದೇವೆ.